ಗುಂಪುಗೂಡಿದಾಗ ಬೆಳಗುವ ವಸ್ತುಗಳು ಮತ್ತು ಮಟ್ಟುಗುಳ್ಳ

ಉಡುಪಿ ಜಿಲ್ಲೆಯ ಕಾಪು ತಾಲ್ಲೂಕಿನ ಮಟ್ಟು ಗ್ರಾಮದ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಹೆಸರಿನೊಡನೆ ಬೆಳೆಗಾರರ ಹೊಣೆಯೂ ಹೆಚ್ಚಿತು. ಸಿಪ್ಪೆ ಸಹಿತ ಬೇಯಿಸಿ ತಿನ್ನುವ ಕಾಯಿಯಲ್ಲಿ ಕೀಟನಾಶಕದ ಶೇಷ ಉಳಿಯಬಾರದು. ಆದರೆ ಶೇಷವು ಕಣ್ಣಿಗೆ ಕಾಣದು. ಅದನ್ನು ನಿಖರವಾಗಿ ಅಳೆಯಲು ಪ್ರಯೋಗಾಲಯವೇ ಬೇಕು. ಬೆಳಕಿನ ನೆರವಿನಿಂದ ಇದನ್ನು ಬೇಗ ತಿಳಿಯುವ ಒಂದು ದಾರಿಯನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ಪ್ರತಿದೀಪ್ತಿ ಎಂದರೇನು?

ನೋಟನ್ನು ನೇರಳಾತೀತ ದೀಪದಡಿ ಹಿಡಿದಾಗ ಕೆಲವು ಎಳೆಗಳು ಹೊಳೆಯುವುದನ್ನು ರೈತರು ನೋಡಿರಬಹುದು. ಕಾಣದ ಕಿರಣವನ್ನು ಹೀರಿ, ಕಾಣುವ ಬೆಳಕನ್ನು ಹೊರಸೂಸುವ ಈ ಗುಣವೇ ಪ್ರತಿದೀಪ್ತಿ. ಇಂತಹ ಹಲವು ಬಣ್ಣಗಳು ತೆಳು ದ್ರಾವಣದಲ್ಲಿ ಹೊಳೆದು, ಅಣುಗಳು ಒತ್ತಾಗಿ ಸೇರಿದಾಗ ಮಂಕಾಗುತ್ತವೆ. 2001ರಲ್ಲಿ ಹಾಂಗ್‌ಕಾಂಗ್‌ನ ಬೆನ್ ಝಾಂಗ್ ಟ್ಯಾಂಗ್ ಮತ್ತು ಸಂಗಡಿಗರು ಇದಕ್ಕೆ ವಿರುದ್ಧ ಗುಣದ ವಸ್ತುವನ್ನು ವರದಿ ಮಾಡಿದರು. ಅದು ಕರಗಿದಾಗ ಮಂಕು, ಗುಂಪುಗೂಡಿದಾಗ ಪ್ರಕಾಶ!

ಇಂತಹ ಅಣುವಿನಲ್ಲಿ ಪಂಕದ ರೆಕ್ಕೆಗಳಂತೆ ತಿರುಗುವ ಭಾಗಗಳಿವೆ. ಅಣು ಒಂಟಿಯಾಗಿದ್ದಾಗ ಹೀರಿದ ಶಕ್ತಿಯೆಲ್ಲ ಈ ತಿರುಗಾಟದಲ್ಲಿ ವ್ಯಯವಾಗುತ್ತದೆ. ಪರ್ಯಾಯದ ದಿನ ಉಡುಪಿಯ ರಥಬೀದಿಯಲ್ಲಿ ಕೈ ಬೀಸಲು ಎಡೆಯಿಲ್ಲದಂತೆ, ಗುಂಪಿನಲ್ಲಿ ಈ ರೆಕ್ಕೆಗಳು ತಿರುಗಲಾರವು. ಆಗ ಶಕ್ತಿಯು ಬೆಳಕಾಗಿ ಹೊರಬರುತ್ತದೆ.

ಕೀಟನಾಶಕದ ಪತ್ತೆ ಹೇಗೆ?

ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಕೀಟನಾಶಕಗಳು ನರಗಳ ಕೆಲಸಕ್ಕೆ ಬೇಕಾದ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ಒಂದು ವಿಧಾನದಲ್ಲಿ, ಬಣ್ಣದ ಅಣುಗಳು ಇನ್ನೊಂದು ವಸ್ತುವಿನೊಡನೆ ಗುಂಪುಗೂಡಿ ಬೆಳಗುತ್ತವೆ. ಕಿಣ್ವವನ್ನು ಸೇರಿಸಿದರೆ ಅದು ಆ ವಸ್ತುವನ್ನು ತುಂಡರಿಸಿ ಗುಂಪನ್ನು ಚದುರಿಸುತ್ತದೆ, ಬೆಳಕು ಕುಂದುತ್ತದೆ. ಕೀಟನಾಶಕವಿದ್ದರೆ ಕಿಣ್ವ ಕೆಲಸ ಮಾಡದು, ಬೆಳಕು ಉಳಿಯುತ್ತದೆ.

ಇದರ ಮಿತಿಯನ್ನೂ ಅರಿತಿರಬೇಕು. ಈ ಕಿಣ್ವವನ್ನು ತಡೆಯದ ಎಮಾಮೆಕ್ಟಿನ್, ಕ್ಲೋರಾಂಟ್ರಾನಿಲಿಪ್ರೋಲ್ ಮುಂತಾದವು ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಬರಿಯ ನೇರಳಾತೀತ ದೀಪದಡಿ ಕಾಯಿ ಹಿಡಿದು 'ವಿಷವಿಲ್ಲ' ಎನ್ನುವವರನ್ನು ನಂಬಬಾರದು. ಆ ದೀಪವನ್ನು ನೇರವಾಗಿ ನೋಡುವುದೂ ಕಣ್ಣಿಗೆ ಹಾನಿಕರ.

ಈಗ ರೈತರು ಮಾಡಬೇಕಾದುದು

1. ಕುಡಿ ಮತ್ತು ಕಾಯಿ ಕೊರೆಯುವ ಹುಳು ತಗುಲಿ ಬಾಡಿದ ಕುಡಿಗಳನ್ನು ವಾರಕ್ಕೊಮ್ಮೆಯಾದರೂ ಚಿವುಟಿ ನಾಶಪಡಿಸಬೇಕು.

2. ತೂತಾದ ಕಾಯಿಗಳನ್ನು ಹೊಲದಲ್ಲಿ ಬಿಡದೆ ಆರಿಸಿ ನಾಶಮಾಡಬೇಕು.

3. ಗಂಡು ಪತಂಗಗಳನ್ನು ಹಿಡಿಯಲು ಮೋಹಕ ಬಲೆಗಳನ್ನು ಇಡಬೇಕು.

4. ಸಿಂಪರಣೆ ಅನಿವಾರ್ಯವಾದರೆ ಬದನೆಗೆ ಶಿಫಾರಸಾದ ಔಷಧಿಯನ್ನೇ ಬಳಸಿ, ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆದ ನಂತರವೇ ಕೊಯ್ಲು ಮಾಡಬೇಕು.

ಬೆಳಗುವ ಅಣುಗಳು ಮುಂದೆ ಹೊಲದ ಬದುವಿನಲ್ಲೇ ಪರೀಕ್ಷೆಗೆ ನೆರವಾಗಬಹುದು. ಆದರೆ ಪರೀಕ್ಷೆಯು ಶೇಷವನ್ನು ತೋರಿಸೀತೇ ಹೊರತು ತೆಗೆಯಲಾರದು. ಮಟ್ಟುಗುಳ್ಳದ ಹೆಸರನ್ನು ಉಳಿಸುವುದು ಬೆಳೆಗಾರರ ಎಚ್ಚರವೇ.