ಹೊಟ್ಟೆ ಚಿಕ್ಕದಾದ ಮೇಲೆ: ಬೊಜ್ಜಿನ ಶಸ್ತ್ರಚಿಕಿತ್ಸೆ ಮತ್ತು ಆಹಾರ-ವಿಹಾರ

ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ಕನ್ನಡಿಗರ ಮನೆಮಾತು. ಆದರೆ ಮಹಾನಗರದ ಬದುಕಿನಲ್ಲಿ ಊಟವನ್ನು ಬಲ್ಲವರಿಗೂ ಊಟದ ಹೊತ್ತು ಕೈಗೆ ಸಿಗುವುದಿಲ್ಲ. ಕಲ್ಯಾಣ್, ಡೊಂಬಿವಲಿಗಳಿಂದ ಬೆಳಗಿನ ಲೋಕಲ್ ಹಿಡಿದು ಮುಂಬಯಿಯತ್ತ ಹೊರಟವರು ಮನೆ ಸೇರುವುದು ರಾತ್ರಿ ಎಂಟೂವರೆ, ಒಂಬತ್ತಕ್ಕೆ. ಬೆಳಗಿನ ತಿಂಡಿ ಗಡಿಬಿಡಿಯಲ್ಲಿ, ಮಧ್ಯಾಹ್ನದ್ದು ಡಬ್ಬಿಯಲ್ಲಿ, ಸಂಜೆಯ ಹಸಿವಿಗೆ ನಿಲ್ದಾಣದ ಹೊರಗಿನ ವಡಾಪಾವು. ದಿನದ ನಿಜವಾದ ಊಟ ರಾತ್ರಿ ಹತ್ತಕ್ಕೆ, ಅದರ ಬೆನ್ನಿಗೇ ನಿದ್ರೆ. ಹೋಟೆಲು ಉದ್ಯಮದಲ್ಲಿರುವ ಕರಾವಳಿಯ ಬಂಧುಗಳ ಪಾಡು ಇನ್ನೂ ವಿಚಿತ್ರವಾದುದು. ಊರಿಗೆಲ್ಲ ಹೊತ್ತಿಗೆ ಸರಿಯಾಗಿ ಬಡಿಸುವ ಅವರು ತಾವು ಉಣ್ಣುವುದು ಮಧ್ಯಾಹ್ನ ನಾಲ್ಕಕ್ಕೆ, ಮತ್ತೆ ನಡುರಾತ್ರಿಗೆ. ಊರಿನಲ್ಲಿ ಬಾವಿ, ಗದ್ದೆ, ಅಂಗಳಗಳ ನಡುವೆ ದಿನವಿಡೀ ಓಡಾಡುತ್ತಿದ್ದ ಗೃಹಿಣಿಗೆ ಇಲ್ಲಿ ಎರಡು ಕೋಣೆಗಳ ಮನೆಯೇ ಪ್ರಪಂಚ.

ಇದರ ಫಲವನ್ನು ಅಂಕಿ-ಅಂಶಗಳು ಹೇಳುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ವಯಸ್ಕ ಸ್ತ್ರೀಯರಲ್ಲಿ ನೂರಕ್ಕೆ 24 ಮಂದಿ, ಪುರುಷರಲ್ಲಿ ಸುಮಾರು 23 ಮಂದಿ ಅತಿತೂಕದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ಸಿಹಿಮೂತ್ರ ರೋಗಿಗಳ ಸಂಖ್ಯೆಯನ್ನು 10 ಕೋಟಿಗೂ ಹೆಚ್ಚೆಂದು ಅಂದಾಜು ಮಾಡಿತು. ಬೊಜ್ಜು ಬರಿಯ ಅಂದಚೆಂದದ ಪ್ರಶ್ನೆಯಲ್ಲ. ಸಿಹಿಮೂತ್ರ, ರಕ್ತದೊತ್ತಡ, ಮೊಣಕಾಲಿನ ನೋವು, ನಿದ್ರೆಯಲ್ಲಿ ಉಸಿರು ಕಟ್ಟುವುದು, ಹೃದ್ರೋಗ ಇವೆಲ್ಲ ಅದರ ಪರಿವಾರದವು.

ಪಥ್ಯ, ವ್ಯಾಯಾಮ, ಔಷಧಗಳಿಂದ ತೂಕ ಇಳಿಯದವರಿಗೆ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸುವುದು ಈಗ ಅಪರೂಪವೇನಲ್ಲ. ಇಂದಿನ ಕೇಂದ್ರ ಸಚಿವ ನಿತಿನ್ ಗಡ್ಕರಿಯವರು 2011ರಲ್ಲಿ ಮುಂಬಯಿಯಲ್ಲಿ ಈ ಚಿಕಿತ್ಸೆ ಮಾಡಿಸಿಕೊಂಡಾಗ ಇದರ ಹೆಸರು ಹಲವರ ಕಿವಿಗೆ ಬಿತ್ತು. ಶಸ್ತ್ರಚಿಕಿತ್ಸೆ ಮುಗಿಯುವುದು ಒಂದೆರಡು ಗಂಟೆಗಳಲ್ಲಿ. ಆದರೆ ಅದಕ್ಕೆ ಹೊಂದಿಕೊಳ್ಳಬೇಕಾದುದು ಜೀವನಪರ್ಯಂತ. ಆ ಹೊಂದಾಣಿಕೆಯ ವಿಚಾರವೇ ಇಲ್ಲಿ ಮುಖ್ಯ.

ಯಾರಿಗೆ ಈ ಚಿಕಿತ್ಸೆ?

ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕ ಸೂಚ್ಯಂಕ ದೊರೆಯುತ್ತದೆ. 160 ಸೆಂ.ಮೀ. ಎತ್ತರದ, 90 ಕಿ.ಗ್ರಾಂ ತೂಕದ ಗೃಹಿಣಿಯ ಸೂಚ್ಯಂಕ ಸುಮಾರು 35. ಅಮೆರಿಕೆಯ ತಜ್ಞರು 1991ರಲ್ಲಿ ಹಾಕಿಕೊಟ್ಟ ನಿಯಮದಂತೆ ಸೂಚ್ಯಂಕ 40 ದಾಟಿದವರಿಗೆ, ಅಥವಾ 35 ದಾಟಿ ಜೊತೆಗೆ ಗಂಭೀರ ರೋಗವಿದ್ದವರಿಗೆ ಮಾತ್ರ ಶಸ್ತ್ರಚಿಕಿತ್ಸೆ ಸಲ್ಲುತ್ತಿತ್ತು. ಏಷ್ಯಾದವರಿಗೆ ಕಡಿಮೆ ತೂಕದಲ್ಲಿಯೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ರೋಗಗಳು ಬರುವುದರಿಂದ, 2022ರಲ್ಲಿ ಅಂತರರಾಷ್ಟ್ರೀಯ ತಜ್ಞ ಸಂಸ್ಥೆಗಳು ಅವರಿಗೆ 27.5ರ ಸೂಚ್ಯಂಕದಿಂದಲೇ ಪರಿಶೀಲಿಸಬಹುದೆಂದು ನಿಯಮವನ್ನು ಸಡಿಲಿಸಿದವು. ಆದರೆ 2019ರಲ್ಲಿ ವಿಮಾ ಪ್ರಾಧಿಕಾರವು ರೂಪಿಸಿದ ಏಕರೂಪದ ಷರತ್ತುಗಳಲ್ಲಿ ಹಳೆಯ 40 ಮತ್ತು 35ರ ಅಳತೆಯೇ ಇದೆ. ಆದುದರಿಂದ ವೈದ್ಯರು ಒಪ್ಪಿದರೂ ವಿಮಾ ಕಂಪೆನಿ ಹಣ ಕೊಡದಿರಬಹುದು. ಆಸ್ಪತ್ರೆಗೆ ಸೇರುವ ಮುನ್ನವೇ ವಿಮೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಜಾಣತನ.

ಇದನ್ನು ಕೊಬ್ಬು ಹೀರಿ ತೆಗೆಯುವ ಸೌಂದರ್ಯ ಚಿಕಿತ್ಸೆಯೊಂದಿಗೆ ಬೆರೆಸಬಾರದು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ಯುವ ನಟಿಯೊಬ್ಬರು ಅಂಥ ಚಿಕಿತ್ಸೆಯ ಬಳಿಕ ಮೃತಪಟ್ಟಾಗ ಅನೇಕರು ಎರಡನ್ನೂ ಒಂದೇ ಎಂದು ಭಾವಿಸಿದರು. ಅದು ಚರ್ಮದಡಿಯ ಕೊಬ್ಬಿಗೆ ಸಂಬಂಧಿಸಿದುದು. ಇದು ಜಠರಕ್ಕೂ ಕರುಳಿಗೂ ಸಂಬಂಧಿಸಿದುದು. ಹಾಗೆಂದು ಇದು ಅಪಾಯರಹಿತವೂ ಅಲ್ಲ. ಹೊಲಿಗೆಯಲ್ಲಿ ಸೋರಿಕೆ, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ವಿರಳವಾಗಿಯಾದರೂ ಸಂಭವಿಸುತ್ತವೆ. 2025ರಲ್ಲಿ ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದಿವೆ. ಅವುಗಳನ್ನು ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುವುದರಿಂದ ಯಾವುದು ಯಾರಿಗೆ ತಕ್ಕುದೆಂಬುದನ್ನು ವೈದ್ಯರೊಡನೆ ಕುಳಿತು ನಿರ್ಧರಿಸಬೇಕು.

ಒಳಗೆ ನಡೆಯುವುದೇನು?

ಹುಣ್ಣಿನ ಕಾರಣ ಜಠರದ ಭಾಗವನ್ನು ತೆಗೆಸಿಕೊಂಡವರು ತೆಳ್ಳಗಾಗುವುದನ್ನು ಶಸ್ತ್ರವೈದ್ಯರು ಬಹುಕಾಲದಿಂದ ಗಮನಿಸಿದ್ದರು. ಅದನ್ನೇ ಆಧಾರವಾಗಿಟ್ಟು ಅಮೆರಿಕೆಯ ಅಯೋವಾ ವಿಶ್ವವಿದ್ಯಾನಿಲಯದ ಡಾ. ಎಡ್ವರ್ಡ್ ಮೇಸನ್ 1966ರಲ್ಲಿ ಬೊಜ್ಜಿಗಾಗಿಯೇ ಜಠರದ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಇಂದು ಹೆಚ್ಚಾಗಿ ನಡೆಯುವುದು ಎರಡು ವಿಧ. 'ಸ್ಲೀವ್' ಎಂಬುದರಲ್ಲಿ ಜಠರದ ನಾಲ್ಕರಲ್ಲಿ ಮೂರು ಭಾಗವನ್ನು ತೆಗೆದು, ಉಳಿದುದನ್ನು ಅಂಗಿಯ ತೋಳಿನಂತೆ ಕಿರಿದು ಮಾಡುತ್ತಾರೆ. ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಎಂಬ ರಸದೂತವು ಬಹುಪಾಲು ತೆಗೆದ ಭಾಗದಲ್ಲಿಯೇ ಉತ್ಪತ್ತಿಯಾಗುವುದರಿಂದ ಹಸಿವೂ ಕುಗ್ಗುತ್ತದೆ. 'ಬೈಪಾಸ್' ವಿಧಾನದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲವನ್ನು ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಒಂದರಿಂದ ಒಂದೂವರೆ ಲೀಟರು ಹಿಡಿಯುತ್ತಿದ್ದ ಜಠರಕ್ಕೆ ಇನ್ನು ಕೆಲವು ಚಮಚಗಳೇ ಸಾಕು. ಮೊದಲ ಒಂದೆರಡು ವರ್ಷಗಳಲ್ಲಿ ದೇಹದ ತೂಕದ ಕಾಲು ಭಾಗ ಅಥವಾ ಅದಕ್ಕಿಂತ ತುಸು ಹೆಚ್ಚು ಇಳಿಯುವುದು ಸಾಮಾನ್ಯ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನವು, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಮರಣ ಪ್ರಮಾಣ ಕಡಿಮೆಯೆಂಬುದನ್ನು 2007ರಲ್ಲಿ ತೋರಿಸಿಕೊಟ್ಟಿತು.

ಮೊದಲ ಆರು ವಾರಗಳು

ಪಥ್ಯವು ಶಸ್ತ್ರಚಿಕಿತ್ಸೆಗೆ ಮೊದಲೇ ಆರಂಭವಾಗುತ್ತದೆ. ಒಂದೆರಡು ವಾರ ಕಡಿಮೆ ಕ್ಯಾಲೊರಿಯ ದ್ರವಾಹಾರ ತೆಗೆದುಕೊಂಡರೆ ಕೊಬ್ಬಿನಿಂದ ಊದಿದ ಯಕೃತ್ತು ಕುಗ್ಗಿ ವೈದ್ಯರ ಕೆಲಸ ಸುಲಭವಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಮೊದಲು ನೀರು, ತಿಳಿಸಾರು, ಎಳನೀರು ಗುಟುಕು ಗುಟುಕಾಗಿ. ಬಳಿಕ ಸುಮಾರು ಎರಡು ವಾರ ಹಾಲು, ಮಜ್ಜಿಗೆ, ಬೇಳೆಯ ಕಟ್ಟು ಮುಂತಾದ ದ್ರವಾಹಾರ. ಮೂರು, ನಾಲ್ಕನೆಯ ವಾರಗಳಲ್ಲಿ ನುಣ್ಣಗೆ ಅರೆದ ಆಹಾರ. ಐದು, ಆರನೆಯ ವಾರಗಳಲ್ಲಿ ಮೆತ್ತಗಿನ ಆಹಾರ. ಅನಂತರ ಮನೆಯವರೆಲ್ಲರ ಊಟವೇ, ಪುಟ್ಟ ಬಟ್ಟಲಿನಲ್ಲಿ. ಆಯಾ ಆಸ್ಪತ್ರೆಯ ಕ್ರಮದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿರಬಹುದು. ರೋಗಿಯು ತನ್ನ ವೈದ್ಯರ ಪಟ್ಟಿಯನ್ನೇ ಅನುಸರಿಸಬೇಕು.

ಇಲ್ಲಿ ಕನ್ನಡಿಗರ ಮನೆಗಳಲ್ಲಿ ಒಂದು ತಪ್ಪು ಸುಲಭವಾಗಿ ನುಸುಳುತ್ತದೆ. ಕಾಯಿಲೆಯವರಿಗೆ ಗಂಜಿ ಎಂಬುದು ತಲೆಮಾರುಗಳ ರೂಢಿ. ಕರಾವಳಿಯವರು ಕುಚ್ಚಲಕ್ಕಿಯ ಗಂಜಿಯನ್ನೂ ಬಯಲುಸೀಮೆಯವರು ರಾಗಿಯ ಅಂಬಲಿಯನ್ನೂ ಪ್ರೀತಿಯಿಂದ ಮಾಡಿಕೊಡುತ್ತಾರೆ. ಆದರೆ ಗಂಜಿಯಲ್ಲಿರುವುದು ಹೆಚ್ಚಿನಂಶ ಪಿಷ್ಟ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಸುಣ್ಣದ ಅಂಶವಿದ್ದರೂ ಸಸಾರಜನಕ ಕೇವಲ ಏಳು ಗ್ರಾಂ. ಗಾಯ ಮಾಯಲು, ಮಾಂಸಖಂಡ ಕರಗದಿರಲು ಈ ರೋಗಿಗೆ ದಿನಕ್ಕೆ 60ರಿಂದ 80 ಗ್ರಾಂ ಸಸಾರಜನಕ ಬೇಕು. ಹಿಡಿಸುವ ನಾಲ್ಕು ಚಮಚದ ಜಾಗವನ್ನು ಗಂಜಿಗೆ ಕೊಟ್ಟರೆ ಅದಕ್ಕೆ ಎಡೆಯೆಲ್ಲಿ?

ಕನ್ನಡಿಗರ ಅಡುಗೆ, ಹೊಸ ಅಳತೆ

ಇದಕ್ಕೆ ಪರದೇಶದ ಅಡುಗೆಯೇನೂ ಬೇಕಿಲ್ಲ. ಅರ್ಧ ಲೀಟರು ಹಾಲಿನಲ್ಲಿ ಸುಮಾರು 16 ಗ್ರಾಂ, ಎರಡು ಮೊಟ್ಟೆಗಳಲ್ಲಿ 12 ಗ್ರಾಂ, ನೂರು ಗ್ರಾಂ ಪನೀರಿನಲ್ಲಿ 18 ಗ್ರಾಂ, 50 ಗ್ರಾಂ ತೊಗರಿ ಅಥವಾ ಹೆಸರುಬೇಳೆಯಲ್ಲಿ 11 ಗ್ರಾಂ. ಒಟ್ಟು ಸೇರಿಸಿದರೆ ಅರವತ್ತರ ಹತ್ತಿರ ಬರುತ್ತದೆ. ಮೀನು ತಿನ್ನುವವರಿಗೆ ನೂರು ಗ್ರಾಂ ಬಂಗುಡೆಯಲ್ಲಿ 20 ಗ್ರಾಂ ದೊರೆಯುತ್ತದೆ; ಹುರಿಯದೆ, ಖಾರ ಹೆಚ್ಚಿಸದೆ ಬೇಯಿಸಿದರೆ ಅದು ಮೆತ್ತಗಿನ ಆಹಾರವೂ ಹೌದು. ಹುರುಳಿಯ ಕಟ್ಟು, ಅರೆದ ಬೇಳೆ, ಗಟ್ಟಿ ಮೊಸರು ಎಲ್ಲವೂ ಮನೆಯಲ್ಲಿಯೇ ಇರುವಂಥವು. ಇಷ್ಟನ್ನು ಉಣ್ಣಲಾಗದ ಮೊದಲ ತಿಂಗಳುಗಳಲ್ಲಿ ವೈದ್ಯರು ಹೇಳಿದ ಸಸಾರಜನಕದ ಪುಡಿಯನ್ನು ಹಾಲಿಗೆ ಬೆರೆಸಿಕೊಳ್ಳಬೇಕಾಗುತ್ತದೆ.

ಉಣ್ಣುವ ರೀತಿಯೂ ಬದಲಾಗಬೇಕು. ಮೊದಲು ಬೇಳೆ, ಮೊಟ್ಟೆ, ಮೀನು, ಬಳಿಕ ಪಲ್ಯ, ಜಾಗ ಉಳಿದರೆ ಮಾತ್ರ ಅನ್ನ. ಪ್ರತಿ ತುತ್ತನ್ನೂ ಇಪ್ಪತ್ತು, ಮೂವತ್ತು ಬಾರಿ ಅಗಿದು ನಿಧಾನವಾಗಿ ಉಣ್ಣಬೇಕು. ಮುದ್ದೆಯನ್ನು ಅಗಿಯದೆ ನುಂಗುವ ಅಭ್ಯಾಸವನ್ನು ಮರೆಯಬೇಕು. ಮುದ್ದೆ, ಅಂಟಿದ ಅನ್ನ, ಪಾವು, ನಾರುಳ್ಳ ಮಾಂಸ ಇವು ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡು ವಾಂತಿಯಾಗುವ ಸಂಭವ ಹೆಚ್ಚು. ಊಟದ ನಡುವೆ ನೀರು ಕುಡಿಯಬಾರದು. ಊಟದ ಹಿಂದೆ ಮುಂದೆ ಅರ್ಧ ಗಂಟೆ ಬಿಟ್ಟು ದಿನಕ್ಕೆ ಒಂದೂವರೆ, ಎರಡು ಲೀಟರು ನೀರನ್ನು ಗುಟುಕರಿಸಬೇಕು. ಸೋಡಾ ಮುಂತಾದ ಬುರುಗು ಪಾನೀಯಗಳು ನಿಷಿದ್ಧ. ಮದ್ಯವು ಬಲುಬೇಗ ರಕ್ತಕ್ಕೇರುತ್ತದೆ, ದೂರವಿರುವುದೇ ಲೇಸು. ಬೈಪಾಸ್ ಆದವರು ಹೋಳಿಗೆ, ಪಾಯಸಗಳನ್ನು ತಿಂದರೆ ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದು ಬೆವರು, ಎದೆಬಡಿತ, ತಲೆಸುತ್ತು, ಭೇದಿ ಉಂಟಾಗಬಹುದು. ಸ್ಲೀವ್ ಆದವರಿಗೆ ಈ ಎಚ್ಚರಿಕೆಯ ಗಂಟೆ ಅಷ್ಟಾಗಿ ಬಾರಿಸುವುದಿಲ್ಲ. ಸಿಹಿಯೂ ಚಿವಡಾ, ಶೇವುಗಳೂ ಸದ್ದಿಲ್ಲದೆ ಇಳಿಯುವುದರಿಂದ ತೂಕವೂ ಸದ್ದಿಲ್ಲದೆ ಮರಳುತ್ತದೆ.

ಮಾತ್ರೆ ತಪ್ಪಬಾರದು

ತೂಕ ಇಳಿದ ಸಂತೋಷದಲ್ಲಿ ಮಾತ್ರೆಗಳನ್ನು ಬಿಟ್ಟವರು ಮುಂದೆ ಕಷ್ಟಪಡುತ್ತಾರೆ. ಬಿ-12, ಡಿ, ಕಬ್ಬಿಣ, ಸುಣ್ಣದ ಅಂಶ, ಬಹುಜೀವಸತ್ವ ಇವು ಜೀವನಪರ್ಯಂತ ಬೇಕಾದವು. ಹಾಲು, ಮೊಸರು ಬಿಟ್ಟರೆ ಬೇರೆ ಪ್ರಾಣಿಜನ್ಯ ಆಹಾರವಿಲ್ಲದ ಸಸ್ಯಾಹಾರಿಗಳಿಗೆ ಬಿ-12ರ ಕೊರತೆ ಮೊದಲೇ ಇರುವ ಸಂಭವವುಂಟು. ಕಾಲು ಜೋಮು ಹಿಡಿಯುವುದು, ಮರೆವು, ರಕ್ತಹೀನತೆ ಅದರ ಲಕ್ಷಣಗಳು. ಕಬ್ಬಿಣದ ಮಾತ್ರೆಗೂ ಸುಣ್ಣದ ಮಾತ್ರೆಗೂ ಎರಡು ಗಂಟೆಯ ಅಂತರವಿರಲಿ. ಕಬ್ಬಿಣವನ್ನು ಚಹಾ, ಕಾಫಿಯೊಡನೆ ನುಂಗಬಾರದು. ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ಬಿ-1ರ ಕೊರತೆಯಿಂದ ನರಮಂಡಲಕ್ಕೇ ಧಕ್ಕೆಯಾಗಬಹುದು. ಮನೆಮದ್ದು ಮಾಡುತ್ತ ಕೂರದೆ ವೈದ್ಯರಲ್ಲಿಗೆ ಹೋಗಬೇಕು. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದುಂಟು. ಆಹಾರ ಸರಿಯಿದ್ದರೆ ಅದು ಮತ್ತೆ ಬೆಳೆಯುತ್ತದೆ. ಸಿಹಿಮೂತ್ರದ ಮದ್ದನ್ನು ಹಳೆಯ ಪ್ರಮಾಣದಲ್ಲಿಯೇ ಮುಂದುವರಿಸಿದರೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಮಕ್ಕಳನ್ನು ಬಯಸುವ ಸ್ತ್ರೀಯರು ಒಂದರಿಂದ ಒಂದೂವರೆ ವರ್ಷ ಕಾಯುವುದು ಉಚಿತ.

ಲೋಕಲ್ ರೈಲು, ಕೆಲಸ, ನಡಿಗೆ

ಎರಡರಿಂದ ನಾಲ್ಕು ವಾರಗಳಲ್ಲಿ ಕಚೇರಿಗೆ ಮರಳಬಹುದಾದರೂ ಡೊಂಬಿವಲಿಯ ಬೆಳಗಿನ ನೂಕುನುಗ್ಗಲು ಹೊಸ ಗಾಯದ ಹೊಟ್ಟೆಗೆ ತಕ್ಕುದಲ್ಲ. ಸಾಧ್ಯವಿದ್ದವರು ಕೆಲಸದ ಹೊತ್ತನ್ನು ಹಿಂದುಮುಂದು ಮಾಡಿಕೊಂಡರೆ ಒಳ್ಳೆಯದು. ಭಾರ ಎತ್ತುವುದಕ್ಕೆ ಆರು ವಾರಗಳಾದರೂ ಕಾಯಬೇಕು. ಚೀಲದಲ್ಲಿ ನೀರಿನ ಬಾಟಲಿ, ಪುಟ್ಟ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ ಅಥವಾ ಪನೀರು ಇದ್ದರೆ ರೈಲು ತಡವಾದ ದಿನ ವಡಾಪಾವಿಗೆ ಮನಸ್ಸು ಹೋಗದು. ಹೋಟೆಲಿನವರು ಗಿರಾಕಿಗಳ ಹೊತ್ತಿಗೆ ತಮ್ಮ ಹೊಟ್ಟೆಯನ್ನು ಕಾಯಿಸದೆ, ಗಡಿಯಾರ ನೋಡಿ ಉಣ್ಣುವುದನ್ನು ಕಲಿಯಬೇಕು.

ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ವಿಪರೀತ ನಾಡಿಬಡಿತ, ಉಸಿರಾಟದ ತೊಂದರೆ, ಒಂದೇ ಕಾಲಿನ ಮೀನಖಂಡ ಊದುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬಾರದು. ಆ ಕ್ಷಣವೇ ಆಸ್ಪತ್ರೆಗೆ ತೆರಳಬೇಕು.

ನಡಿಗೆಯು ಮೊದಲ ದಿನದಿಂದಲೇ ಚಿಕಿತ್ಸೆಯ ಅಂಗ. ಥಾಣೆಯ ಮಾಸುಂದಾ ಕೆರೆಯ ದಂಡೆ, ಉಪವನ, ಕಲ್ಯಾಣದ ಕಾಳಾ ತಲಾವ್, ಡೊಂಬಿವಲಿಯ ಭಾಗಶಾಲಾ ಮೈದಾನ, ವಾಶಿಯ ಸಾಗರ ವಿಹಾರ ಇವೆಲ್ಲ ಸಮೀಪದಲ್ಲಿಯೇ ಇವೆ. ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆ, ಜೊತೆಗೆ ಮಾಂಸಖಂಡಗಳಿಗೆ ಲಘು ವ್ಯಾಯಾಮ ಇದ್ದರೆ ಇಳಿದ ತೂಕ ಇಳಿದಲ್ಲಿಯೇ ನಿಲ್ಲಲು ನೆರವಾಗುತ್ತದೆ.

ಪಂಕ್ತಿಯಲ್ಲಿ ಕುಳಿತಾಗ

ದೇಹಕ್ಕಿಂತ ಮನಸ್ಸು ಹೊಂದಿಕೊಳ್ಳುವುದು ನಿಧಾನ. ದುಃಖಕ್ಕೂ ಆಯಾಸಕ್ಕೂ ತಿಂಡಿಯಲ್ಲಿ ಸಮಾಧಾನ ಕಾಣುತ್ತಿದ್ದವರಿಗೆ ಆ ಆಸರೆ ಒಮ್ಮೆಲೇ ಇಲ್ಲವಾಗುತ್ತದೆ. ಕನ್ನಡಿಗರಲ್ಲಿ ಊಟವೆಂದರೆ ಬಾಂಧವ್ಯವೂ ಹೌದು. ಪರಊರಿನಲ್ಲಿ ನಾಡಿನವರೆಲ್ಲ ಒಂದೆಡೆ ಸೇರುವುದೇ ಮದುವೆ, ಗಣೇಶ ಚೌತಿ, ಯಕ್ಷಗಾನ, ಸಂಘದ ವಾರ್ಷಿಕೋತ್ಸವಗಳ ಪಂಕ್ತಿಯಲ್ಲಿ. "ಇಷ್ಟೇ ಬಡಿಸಿಕೊಂಡರೆ ಹೇಗೆ ಅಕ್ಕಾ, ಇನ್ನೊಂದು ಸೌಟು ಹಾಕಿಸಿಕೊಳ್ಳಿ" ಎಂಬ ಉಪಚಾರ ಪ್ರೀತಿಯದೇ ಆದರೂ, ಶಸ್ತ್ರಚಿಕಿತ್ಸೆಯ ಸಂಗತಿಯನ್ನು ಹೇಳಿಕೊಳ್ಳಲು ಇಷ್ಟಪಡದ ಆಕೆಗೆ ಅದು ಪರೀಕ್ಷೆ. ಒತ್ತಾಯಕ್ಕೆ ಉಂಡು ಕೈತೊಳೆಯುವ ಜಾಗದಲ್ಲಿ ವಾಂತಿ ಮಾಡಿಕೊಂಡವರು ಮುಂದಿನ ವರ್ಷ ಸಮಾರಂಭಕ್ಕೇ ಬಾರದೆ ಮನೆಯಲ್ಲಿ ಉಳಿಯುತ್ತಾರೆ. ಇನ್ನು ಕೆಲವರ ಮಾತು "ಹೀಗೇಕೆ ಬಡವಾದಿರಿ, ಏನಾದರೂ ದೊಡ್ಡ ಕಾಯಿಲೆಯೇ?" ಎಂದು ಬೇರೆಯೇ ರೀತಿಯಲ್ಲಿ ಚುಚ್ಚುತ್ತದೆ.

ಒಂದೂವರೆ, ಎರಡು ವರ್ಷಗಳ ನಂತರ ಹಸಿವು ತುಸು ಮರಳುತ್ತದೆ. ನಿಜವಾದ ಪರೀಕ್ಷೆ ಆಗಲೇ. ಮನೆಮಂದಿಯೆಲ್ಲ ಎಣ್ಣೆಯನ್ನೂ ಸಿಹಿಯನ್ನೂ ಹಿತಮಿತಗೊಳಿಸಿ, ರಾತ್ರಿಯ ಊಟವನ್ನು ಒಂದು ಗಂಟೆಯಾದರೂ ಹಿಂದಕ್ಕೆ ತಂದ ಮನೆಯಲ್ಲಿ ರೋಗಿಗೆ ಆಸರೆ ಸಿಗುತ್ತದೆ. ಒಬ್ಬರಿಗೆ ಮಾತ್ರ ಪಥ್ಯ, ಉಳಿದವರಿಗೆ ಎಂದಿನಂತೆ ಎಂಬ ಮನೆಯಲ್ಲಿ ಆಸೆಯನ್ನು ಗೆಲ್ಲುವುದು ಒಂಟಿ ಹೋರಾಟವಾಗುತ್ತದೆ. ತಜ್ಞರ ಶಸ್ತ್ರವು ಜಠರವನ್ನಷ್ಟೇ ಕಿರಿದು ಮಾಡಬಲ್ಲದು. ಆ ಮನೆಯ ಅಡುಗೆಯನ್ನು ಬದಲಿಸಲಾರದು.

ಆದುದರಿಂದ ಮುಂದಿನ ವಾರ್ಷಿಕೋತ್ಸವದಲ್ಲಿ ಬಡಿಸಲು ನಿಂತವರು, ಎಲೆಗೆ ಕೈ ಅಡ್ಡ ಹಿಡಿದವರನ್ನು ಒತ್ತಾಯಿಸದೆ ಮುಂದಿನ ಎಲೆಗೆ ಸಾಗಲಿ. ಎರಡು ಚಮಚ ತೊವ್ವೆ, ಒಂದು ತುತ್ತು ಅನ್ನದೊಡನೆ ಕೊನೆಯ ಮಜ್ಜಿಗೆಯವರೆಗೂ ಪಂಕ್ತಿಯಲ್ಲಿ ಕುಳಿತು ಎಲ್ಲರೊಡನೆ ನಗುತ್ತ ಏಳುವ ಅವಕಾಶ ಅವರಿಗೂ ಇರಲಿ.