ಕೊಳವೆ ಬಾವಿಗೆ ಬಿದ್ದ ಕಬ್ಬಿಣವೂ ಅಯಸ್ಕಾಂತವೂ



ಕೊಳವೆ ಬಾವಿಯ ಪಂಪು ಕೆಟ್ಟು ಮೇಲೆತ್ತುವ ದಿನ ಹೊಲದಲ್ಲಿ ಒಂದು ಸಣ್ಣ ಜಾತ್ರೆಯೇ ನೆರೆದಿರುತ್ತದೆ. ಕಬ್ಬಿಣದ ಮುಕ್ಕಾಲಿ, ಸರಪಳಿ ರಾಟೆ, ಕ್ಲಾಂಪು, ಹತ್ತೆಂಟು ಸ್ಪ್ಯಾನರು. ಕೆಲಸ ಮಾಡುವವರು ನಾಲ್ಕು ಜನ, ಸಲಹೆ ಹೇಳುವವರು ಇಪ್ಪತ್ತು ಜನ. ಅಷ್ಟರಲ್ಲಿ ಯಾರ ಕೈಯಿಂದಲೋ ಒಂದು ಬೋಲ್ಟೋ ಸ್ಪ್ಯಾನರೋ ಜಾರಿ, ಟಣ್ ಟಣ್ ಎಂದು ಗೋಡೆಗೆ ಬಡಿಯುತ್ತ ಕೆಳಗೆ ಹೋಗುತ್ತದೆ. ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತಾರೆ. ಆಮೇಲೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ಒಂದು ಮ್ಯಾಗ್ನೆಟ್ ಬಿಟ್ರೆ ಎದ್ದು ಬರುತ್ತೆ ಬಿಡಿ.”

ಬರುತ್ತದೆಯೇ? ಕೆಲವು ವೇಳೆ ಬರುತ್ತದೆ. ಕೆಲವು ವೇಳೆ ಎಷ್ಟು ಮಾಡಿದರೂ ಬರುವುದಿಲ್ಲ. ಇನ್ನು ಕೆಲವು ವೇಳೆ ಅದನ್ನು ಎತ್ತುವ ಅಗತ್ಯವೇ ಇರುವುದಿಲ್ಲ. ನಿಮ್ಮದು ಈ ಮೂರರಲ್ಲಿ ಯಾವುದೆಂದು ತಿಳಿಯದೆ ಹಗ್ಗ ಇಳಿಸಿದರೆ, ಬಿದ್ದ ಸ್ಪ್ಯಾನರಿನ ಜೊತೆಗೆ ಅಯಸ್ಕಾಂತವನ್ನೂ, ಗ್ರಹಚಾರ ಕೆಟ್ಟರೆ ಬಾವಿಯನ್ನೂ ಕಳೆದುಕೊಳ್ಳಬೇಕಾದೀತು. ಲಕ್ಷಗಟ್ಟಲೆ ಸಾಲ ಮಾಡಿ ಕೊರೆಯಿಸಿದ ಬಾವಿ ಅದು.

ಅಯಸ್ಕಾಂತ ಇಳಿಸಿ ಕಬ್ಬಿಣ ಎತ್ತುವ ವಿದ್ಯೆಯನ್ನು ಚೆನ್ನಾಗಿ ಬೆಳೆಸಿದವರು ಎಣ್ಣೆ ಬಾವಿ ಕೊರೆಯುವವರು. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲೇ ಎಣ್ಣೆ ದೊರೆಯಿತು. ಮುಂಬಯಿಯ ಆಚೆ ಸಮುದ್ರದ ತಳದಲ್ಲಿ 1974ರಲ್ಲಿ ದೊರೆಯಿತು. ಅಂಥ ಬಾವಿಗಳು ಎರಡು ಮೂರು ಕಿಲೋಮೀಟರು ಆಳ ಹೋಗುವುದು ಸಾಮಾನ್ಯ. ಕೊರೆಯುವ ತುದಿಗೆ ಹಲ್ಲುಳ್ಳ ಶಂಕುಗಳು ಇರುತ್ತವೆ. ಇವು ಬಂಡೆಯ ಮೇಲೆ ಉರುಳುತ್ತ ಅದನ್ನು ಪುಡಿಮಾಡುತ್ತವೆ. ಎರಡು ಶಂಕುಗಳ ಇಂಥ ತುದಿಗೆ ಅಮೆರಿಕದ ಹೋವರ್ಡ್ ಹ್ಯೂಸ್ ಎಂಬವನು 1909ರಲ್ಲಿ ಹಕ್ಕುಪತ್ರ ಪಡೆದನು. ಮೂರು ಶಂಕುಗಳದು 1930ರ ದಶಕದಲ್ಲಿ ಬಂತು. ಈ ಶಂಕುಗಳಲ್ಲಿ ಒಂದು ಕಳಚಿ ತಳದಲ್ಲಿ ಉಳಿಯಿತೆನ್ನಿ. ಹೊಸ ತುದಿ ಇಳಿಸಿದರೆ ಅದು ಬಂಡೆಯನ್ನು ಕೊರೆಯುವ ಬದಲು ಉಕ್ಕಿನ ಗಡ್ಡೆಯ ಮೇಲೆ ತಿರುಗಿ ತಾನೂ ಹಾಳಾಗುತ್ತದೆ. ಆದುದರಿಂದ ಅವರು ಮುಷ್ಟಿಯಷ್ಟು ಉಕ್ಕಿಗಾಗಿಯೂ ಕೆಲಸ ನಿಲ್ಲಿಸಿ, ಅಷ್ಟುದ್ದದ ಕೊಳವೆಗಳನ್ನು ಒಂದೊಂದಾಗಿ ಬಿಚ್ಚಿ ಮೇಲೆತ್ತಿ, ತುದಿಗೆ ಅಯಸ್ಕಾಂತ ಕಟ್ಟಿ ಮತ್ತೆ ಇಳಿಸುತ್ತಾರೆ. ಬಿದ್ದ ವಸ್ತುವಿಗೆ ಅವರ ಮಾತಿನಲ್ಲಿ ‘ಮೀನು’ ಎಂದೂ, ಎತ್ತುವ ಕೆಲಸಕ್ಕೆ ‘ಮೀನು ಹಿಡಿಯುವುದು’ ಎಂದೂ ಹೆಸರು. ನಮ್ಮ ಹಳ್ಳಿಯಲ್ಲಿ ಸೇದೋ ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ಬಿಟ್ಟು ಜಾಲಾಡುತ್ತಿದ್ದೆವಲ್ಲ, ಇದೂ ಅದೇ ಜಾತಿಯದೇ.

ಅವರ ಅಯಸ್ಕಾಂತದ ರಚನೆಯಲ್ಲಿ ನಾವು ಕಲಿಯತಕ್ಕ ಅಂಶಗಳಿವೆ. ಅಯಸ್ಕಾಂತದ ಸುತ್ತ ಅದು ಸೆಳೆಯದ ಲೋಹದ ಒಂದು ಕವಚ ಇರುತ್ತದೆ. ಹೀಗಾಗಿ ಅದರ ಬಲವೆಲ್ಲ ಕೆಳಮುಖವಾಗಿರುತ್ತದೆಯೇ ಹೊರತು, ದಾರಿಯುದ್ದಕ್ಕೂ ಬಾವಿಯ ಕಬ್ಬಿಣದ ಕೊಳವೆಗೆ ಅಂಟಿಕೊಳ್ಳುವುದಿಲ್ಲ. ನಡುವೆ ತೂತುಗಳಿವೆ. ಆ ಮೂಲಕ ಕೆಸರುನೀರನ್ನು ರಭಸದಿಂದ ಬಿಟ್ಟು, ಬಿದ್ದ ತುಂಡಿನ ಮೇಲೆ ಕುಳಿತ ಕಲ್ಲುಪುಡಿಯನ್ನು ಮೊದಲು ತೊಳೆಯುತ್ತಾರೆ. ತೊಳೆದ ಮೇಲೆ ಮೆಲ್ಲಗೆ ತಳಮುಟ್ಟಿಸಿ, ತಿರುಗಿಸದೆ ಮೇಲೆತ್ತುತ್ತಾರೆ. ಕೊರೆತದ ಕೆಸರು ಹೊರಗೆ ಹರಿದು ಬರುವ ಕಾಲುವೆಯಲ್ಲಿಯೂ ಕೆಲವು ಕಡೆ ಅಯಸ್ಕಾಂತಗಳನ್ನಿಟ್ಟಿರುತ್ತಾರೆ. ಕೆಳಗೆ ಉಕ್ಕನ್ನು ಅರೆದಾಗ ಬರುವ ಗುಂಗುರು ಚೂರುಗಳು ಅಲ್ಲಿ ಮೀಸೆಯಂತೆ ಅಂಟಿಕೊಳ್ಳುತ್ತವೆ. ಅವನ್ನು ಕೆರೆದು ತೂಗಿ, ಒಳಗೆ ಎಷ್ಟು ಉಕ್ಕು ತೆಗೆದೆವು ಎಂಬ ಲೆಕ್ಕ ಹಿಡಿಯುತ್ತಾರೆ.

ಈಗ ನಿಮ್ಮ ಹೊಲಕ್ಕೆ ಬರೋಣ. ಅವರಿಗೆ ತುಂಡು ಎತ್ತಲೇಬೇಕು, ಏಕೆಂದರೆ ಇನ್ನೂ ಕೊರೆಯುವುದಿದೆ. ನಿಮ್ಮ ಬಾವಿ ಕೊರೆದು ಮುಗಿದಿದೆ. ಆರೂವರೆ ಅಂಗುಲದ ಬಾವಿ ಒಂಬೈನೂರು ಅಡಿ ಇದೆ, ಪಂಪು ಏಳುನೂರು ಅಡಿಯಲ್ಲಿ ತೂಗುತ್ತಿದೆ ಎಂದಿಟ್ಟುಕೊಳ್ಳಿ. ಪಂಪು ಹೊರಗಿದ್ದಾಗ ಬಿದ್ದ ಸ್ಪ್ಯಾನರು ನೇರವಾಗಿ ತಳ ಸೇರಿದ್ದರೆ ಅದು ಅಲ್ಲೇ ಇರಲಿ! ನೀರಿಗೆ ಕೆಡುಕಿಲ್ಲ, ಪಂಪಿಗೆ ತಗಲುವುದಿಲ್ಲ, ತುಕ್ಕು ಹಿಡಿದುಕೊಂಡು ಬಿದ್ದಿರುತ್ತದೆ. ನೂರಿನ್ನೂರು ರೂಪಾಯಿಯ ಸ್ಪ್ಯಾನರಿಗೆ ಸಾವಿರಾರು ರೂಪಾಯಿ ಕೂಲಿ ಕೊಡುವುದು ಲೆಕ್ಕದ ಮಾತಲ್ಲ. ಮುಂದೆ ಅದೇ ಬಾವಿಯನ್ನು ಇನ್ನಷ್ಟು ಆಳ ಮಾಡಿಸುವಾಗ ಮಾತ್ರ ಆ ತುಂಡಿನ ಮಾತು ಏಳುತ್ತದೆ. ಆಗ ಕೊರೆಯುವವರಿಗೆ ಮೊದಲೇ ಹೇಳತಕ್ಕದ್ದು. ಬಚ್ಚಿಟ್ಟರೆ ಅವರ ಸುತ್ತಿಗೆಯ ಬಿಟ್ಟು ಅದರ ಮೇಲೆಯೇ ಬಡಿದು ಗುಂಡಿಗಳು ಉದುರುತ್ತವೆ. ಕೊನೆಗೆ ದಂಡ ಕಟ್ಟುವವರು ನೀವೇ.

ಕಷ್ಟವಿರುವುದು ಪಂಪು ಒಳಗಿದ್ದಾಗ ಬಿದ್ದ ತುಂಡಿನಲ್ಲಿ. ಅದು ತಳಕ್ಕೆ ಹೋಗದೆ ಪಂಪಿನ ತಲೆಯ ಮೇಲೋ, ಪೈಪಿಗೂ ಬಂಡೆಗೂ ನಡುವಿನ ಸಂದಿಯಲ್ಲೋ ಕೂತುಬಿಡುತ್ತದೆ. ಕೂತಿರುವವರೆಗೆ ಏನೂ ತಿಳಿಯುವುದಿಲ್ಲ. ನೀರು ಎಂದಿನಂತೆ ಬರುತ್ತದೆ. ಪಂಪು ಎತ್ತುವ ದಿನ ಮಾತ್ರ ಅದು ಬಾಗಿಲಿಗೆ ಹೊಡೆದ ಬೆಣೆಯಂತಾಗುತ್ತದೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೃಷಿ ಡಿಪ್ಲೊಮಾ ಓದುತ್ತಿದ್ದ ಕಾಲ. ರಜೆಗೆ ಊರಿಗೆ ಹೋಗಿದ್ದೆ. ನಮ್ಮ ತೋಟದ ಪಂಪನ್ನು ದುರಸ್ತಿ ಮಾಡಿಸಿ ಇಳಿಸುತ್ತಿದ್ದರು. ಕೊನೆಯ ಪೈಪು ಜೋಡಿಸುವಾಗ ನನ್ನ ಕೈಯಲ್ಲಿದ್ದ ಸ್ಪ್ಯಾನರು ಜಾರಿತು. ಇಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನಾನೂ ಹೇಳಲಿಲ್ಲ. ಅಪ್ಪ ಬೈತಾರೆ ಎಂಬ ಒಂದೇ ಭಯ. ಮರುವರ್ಷ ಬೇಸಿಗೆಯಲ್ಲಿ ಮೋಟಾರು ಸುಟ್ಟಿತು. ಎತ್ತುವಾಗ ಅರ್ಧ ದಾರಿಯಲ್ಲಿ ಪಂಪು ಗಟ್ಟಿಯಾಗಿ ಕಚ್ಚಿಕೊಂಡಿತು. ಕಾರಣ ಗೊತ್ತಿಲ್ಲದವರು ಏನು ಮಾಡುತ್ತಾರೆ? ಸರಪಳಿ ಬಿಗಿದು ಇನ್ನೂ ಜೋರಾಗಿ ಎಳೆದರು. ಪೈಪಿನ ಮರೆ ಕಿತ್ತು, ಪಂಪು, ಕೇಬಲು, ಹತ್ತಾರು ಪೈಪು ಎಲ್ಲ ಒಳಗೇ ಉಳಿದವು. ಆ ವರ್ಷ ಕಾಯಿ ಕಟ್ಟಿದ್ದ ಟೊಮೇಟೊ ಕಣ್ಣೆದುರೇ ಒಣಗಿತು. ಅಯಸ್ಕಾಂತ ಬಿಟ್ಟಿದ್ದರೆ ಆ ಸ್ಪ್ಯಾನರು ಬಂದೇ ಬರುತ್ತಿತ್ತೆಂದು ಹೇಳಲಾರೆ. ಆದರೆ ನಾನು ಬಾಯಿ ಬಿಟ್ಟಿದ್ದರೆ ಅವರು ಹಾಗೆ ಎಳೆಯುತ್ತಿರಲಿಲ್ಲ. ಪಂಪು ಕಚ್ಚಿಕೊಂಡಾಗ ಎಳೆಯದೆ, ಎರಡಡಿ ಕೆಳಕ್ಕೆ ಬಿಟ್ಟು, ಪೈಪನ್ನು ಸ್ವಲ್ಪ ತಿರುಗಿಸಿ ಮತ್ತೆ ಮೆಲ್ಲಗೆ ಎತ್ತಬೇಕು. ಬೆಣೆ ಬಿಗಿಯುವುದು ಮೇಲಕ್ಕೆ ಎಳೆದಾಗ. ಸಡಿಲವಾಗುವುದು ಕೆಳಕ್ಕೆ ಬಿಟ್ಟಾಗ. ಹೀಗೆ ಬಿದ್ದುಹೋದ ಸ್ಪ್ಯಾನರು ಎಷ್ಟೋ ಬಾರಿ ತಳಕ್ಕಿಳಿದು ದಾರಿ ಬಿಡುವುದುಂಟು.

ಇನ್ನು, ಅಯಸ್ಕಾಂತ ಯಾವುದನ್ನು ಹಿಡಿಯುತ್ತದೆ ಎಂಬ ಮಾತು. ಕಬ್ಬಿಣ, ಸಾಮಾನ್ಯ ಉಕ್ಕು, ಎರಕದ ಕಬ್ಬಿಣ ಇವನ್ನು ಹಿಡಿಯುತ್ತದೆ. ಹಿತ್ತಾಳೆ, ಕಂಚು, ತಾಮ್ರದ ತಂತಿ, ಪ್ಲಾಸ್ಟಿಕ್ ಪೈಪು, ಹಗ್ಗ ಇವುಗಳ ಹತ್ತಿರ ಅದರ ಆಟ ನಡೆಯದು. ಬಹಳ ಜನ ಮೋಸ ಹೋಗುವುದು ಸ್ಟೇನ್‌ಲೆಸ್ ಸ್ಟೀಲಿನಲ್ಲಿ. ಈಗಿನ ಅನೇಕ ಪಂಪುಗಳ ಹೊರಮೈ ಅದರದೇ. ನೋಡಲು ಉಕ್ಕು, ಹೆಸರೂ ಉಕ್ಕು, ಆದರೆ ಆ ಜಾತಿಯ ಉಕ್ಕನ್ನು ಅಯಸ್ಕಾಂತ ಹೆಚ್ಚು ಕಡಿಮೆ ಮೂಸಿಯೂ ನೋಡುವುದಿಲ್ಲ. ಹಾಗಾಗಿ ಕಿತ್ತು ಬಿದ್ದ ಪಂಪನ್ನು ಎತ್ತಲು ಅಯಸ್ಕಾಂತ ತರುತ್ತೇವೆ ಎಂದು ಯಾರಾದರೂ ಬಂದರೆ ಚಹಾ ಕೊಟ್ಟು ಕಳುಹಿಸಿ. ಅದು ಪೈಪಿನ ಹೊರಗಿನಿಂದ ಕಚ್ಚುವ ಅಥವಾ ಒಳಮರೆಗೆ ತಿರುಗಿ ಕೂರುವ ಹಿಡಿತದ ಉಪಕರಣಗಳ ಕೆಲಸ. ಬಿದ್ದದ್ದು ಯಾವ ಲೋಹ ಎಂಬ ಸಂಶಯವಿದ್ದರೆ ಪರೀಕ್ಷೆ ಸುಲಭ: ಅಂಥದೇ ಇನ್ನೊಂದು ತುಂಡಿಗೆ ಮೇಲೆಯೇ ಅಯಸ್ಕಾಂತ ಮುಟ್ಟಿಸಿ ನೋಡಿ.

ಹಿಂದೆ ಹಳೆಯ ರೇಡಿಯೋ ಸ್ಪೀಕರಿನ ಉಂಗುರದ ಅಯಸ್ಕಾಂತ ಕಟ್ಟಿ ಪ್ರಯತ್ನಿಸುತ್ತಿದ್ದರು. (ನೀವು ಈ ಮಾತು ಕೇಳುತ್ತಿರುವ ಪೆಟ್ಟಿಗೆಯನ್ನು ಮಾತ್ರ ದಯಮಾಡಿ ಬಿಚ್ಚಬೇಡಿ.) ಈಗ ಸಿಗುವ ನಿಯೋಡಿಮಿಯಂ ಅಯಸ್ಕಾಂತಗಳು ಅದಕ್ಕಿಂತ ಬಹಳ ಬಲವಾದವು. 1980ರ ದಶಕದ ಮೊದಲ ಭಾಗದಲ್ಲಿ ಜಪಾನಿನವರೂ ಅಮೆರಿಕದವರೂ ಬೇರೆ ಬೇರೆಯಾಗಿ ಇವನ್ನು ಕಂಡುಹಿಡಿದರು. ಸಾಮಾನ್ಯ ದರ್ಜೆಯವು 80 ಡಿಗ್ರಿ ಸೆಲ್ಸಿಯಸ್ಸಿನಾಚೆ ಬಲ ಕಳೆದುಕೊಳ್ಳುತ್ತವೆ. ಭೂಮಿಯೊಳಗೆ ಒಂದು ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಶಾಖ ಏರುವುದರಿಂದ ಆಳದ ಎಣ್ಣೆ ಬಾವಿಗೆ ಶಾಖ ತಾಳುವ ಬೇರೆ ಜಾತಿಯವು ಬೇಕಾಗುತ್ತವೆ. ನಮ್ಮ ಬಾವಿಗಳಿಗೆ ಆ ಚಿಂತೆಯಿಲ್ಲ.

ಅಂಗಡಿಯವರು “ನೂರು ಕಿಲೋ ಎತ್ತುತ್ತೆ ಸ್ವಾಮಿ” ಅನ್ನುತ್ತಾರೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಆ ಲೆಕ್ಕ ದಪ್ಪವಾದ, ನಯವಾದ, ಶುಚಿಯಾದ ಉಕ್ಕಿನ ಹಲಗೆಗೆ ಅಯಸ್ಕಾಂತ ಪೂರ್ತಿ ಮುಖ ಕೊಟ್ಟು ಅಂಟಿದಾಗ, ನೇರ ಎಳೆದರೆ ಎಷ್ಟು ತಡೆಯುತ್ತದೆ ಎಂಬುದು. ನಡುವೆ ರಟ್ಟಿನಷ್ಟು ದಪ್ಪ ಕೆಸರೋ ತುಕ್ಕೋ ಬಂದರೂ ಹಿಡಿತ ಬಹುವಾಗಿ ಇಳಿಯುತ್ತದೆ. ಉರುಟಾದ ಬೋಲ್ಟು ಗೆರೆಯಷ್ಟು ಮಾತ್ರ ತಗಲುತ್ತದೆ. ಪಕ್ಕಕ್ಕೆ ಜಾರಿಸಿದರಂತೂ ಬಲು ಬೇಗ ಬಿಟ್ಟುಕೊಡುತ್ತದೆ. ನಿಮಗೆ ಅನುಕೂಲವಾದ ಒಂದು ಸಂಗತಿಯೂ ಇದೆ: ನೀರಿನೊಳಗೆ ಕಬ್ಬಿಣದ ಭಾರ ಸುಮಾರು ಎಂಟನೇ ಒಂದು ಪಾಲು ಕಡಿಮೆಯಾಗುತ್ತದೆ. ಆದರೆ ನೀರಿನ ಮಟ್ಟ ದಾಟಿ ಮೇಲೆ ಬಂದೊಡನೆ ಆ ಭಾರ ಮರಳಿ ಬರುತ್ತದೆ. ಅಲ್ಲಿ ಕೈ ನಿಧಾನವಾಗಲಿ.

ಇಳಿಸುವುದೇ ಸರಿ ಎಂದು ತೀರ್ಮಾನಿಸಿದರೆ, ಮೊದಲು ವಿದ್ಯುತ್ತಿನ ಫ್ಯೂಸು ಕಿತ್ತು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಬಿಸಿಲಿದ್ದಾಗ ಕನ್ನಡಿ ಹಿಡಿದು ಬೆಳಕನ್ನು ಬಾವಿಯೊಳಕ್ಕೆ ತಿರುಗಿಸಿದರೆ ನೀರಿನ ಮಟ್ಟದವರೆಗೆ ಚೆನ್ನಾಗಿ ಕಾಣುತ್ತದೆ. ಅದರ ಕೆಳಗೆ ನೋಡಬೇಕಾದರೆ ಬಾವಿಗೆ ಇಳಿಸುವ ಕ್ಯಾಮರಾದವರನ್ನು ಕರೆಸಿ, ಆ ಖರ್ಚು ದಂಡವಲ್ಲ. ಎಣ್ಣೆ ಬಾವಿಯವರು ಸೀಸದ ಅಚ್ಚನ್ನು ಇಳಿಸಿ ಒತ್ತಿ, ಅದರಲ್ಲಿ ಮೂಡಿದ ಗುರುತು ನೋಡಿ ಕೆಳಗಿನ ವಸ್ತು ಹೇಗೆ ಬಿದ್ದಿದೆ ಎಂದು ತಿಳಿಯುತ್ತಾರೆ.

ಅಯಸ್ಕಾಂತದ ಸುತ್ತ ಪ್ಲಾಸ್ಟಿಕ್ ಪೈಪಿನ ತುಂಡೊಂದನ್ನು ಕವಚವಾಗಿ ಹಾಕಿ, ಕೆಳಮುಖ ಮಾತ್ರ ತೆರೆದಿರಲಿ. ಇಲ್ಲದಿದ್ದರೆ ಅದು ಕಬ್ಬಿಣದ ಕೇಸಿಂಗಿಗೋ ಪಂಪಿನ ಪೈಪಿಗೋ ಹೋಗಿ ಅಂಟಿಕೊಂಡು, ತಳ ಮುಟ್ಟಿತೆಂದು ನೀವು ತಿಳಿದುಕೊಳ್ಳುತ್ತೀರಿ. ಹಗ್ಗಕ್ಕೆ ಹತ್ತು ಹತ್ತು ಅಡಿಗೆ ಬಣ್ಣದ ಗುರುತು ಹಾಕಿ. ಬಾವಿ ಎಷ್ಟು ಅಡಿ, ಕೇಸಿಂಗು ಎಷ್ಟು ಅಡಿ, ಪಂಪು ಎಷ್ಟು ಅಡಿಯಲ್ಲಿದೆ ಎಂದು ಕೊರೆಸಿದ ದಿನವೇ ಬರೆದಿಟ್ಟವರಿಗೆ ಆ ಗುರುತುಗಳು ಮಾತಾಡುತ್ತವೆ. ಬರೆದಿಡದವರಿಗೆ ಅದು ಬರೀ ಹಗ್ಗ. ಬಿಗಿದ ಗಂಟಿನ ಜೊತೆಗೆ ಎರಡನೆಯ ಹಗ್ಗವೊಂದು ಇರಲಿ. ತಳ ಮುಟ್ಟಿದ ಮೇಲೆ ನಾಲ್ಕಾರು ಅಂಗುಲ ಎತ್ತಿ ಇಳಿಸಿ ಮಾಡಿದರೆ ಕೆಸರು ಕದಡಿ ತುಂಡಿಗೆ ಮುಖ ಸಿಗುತ್ತದೆ. ಎತ್ತುವಾಗ ಕುಲುಕದೆ, ತಿರುಚದೆ ಎತ್ತಿ. ಕೇಸಿಂಗಿನ ಕೆಳಬಾಯಿ ಬರುವ ಅಡಿಯಲ್ಲಿ ಇನ್ನೂ ನಿಧಾನ. ಅಡ್ಡವಾಗಿ ಅಂಟಿದ ಸ್ಪ್ಯಾನರು ಉದುರುವುದು ಆ ಅಂಚಿಗೆ ತಗಲಿಯೇ. ಬೆರಳು ಜೋಪಾನ. ಇಂಥ ಎರಡು ಅಯಸ್ಕಾಂತಗಳ ನಡುವೆ ಸಿಕ್ಕಿದರೆ ಎಲುಬು ಮುರಿಯಬಹುದು. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡ ಹಿರಿಯರು ಇದ್ದರೆ ದೂರ ಕೂರಿಸಿ.

ಮೂರು ನಾಲ್ಕು ಸಲ ಇಳಿಸಿದರೂ ಏನೂ ಬಾರದಿದ್ದರೆ ನಿಲ್ಲಿಸಿ. ಹಟಕ್ಕೆ ಬಿದ್ದು ಕಬ್ಬಿಣದ ಸಲಾಕೆಯಿಂದ ಕುಟ್ಟಿದರೆ ಸಂದಿಯಲ್ಲಿದ್ದ ತುಂಡು ಇನ್ನೂ ಬಿಗಿಯುತ್ತದೆ.

ಎಣ್ಣೆ ಬಾವಿಯವರ ಇನ್ನೊಂದು ಪದ್ಧತಿಗೆ ಕಾಸಿನ ಖರ್ಚಿಲ್ಲ. ಕೊಳವೆಗಳನ್ನೆಲ್ಲ ಹೊರತೆಗೆದೊಡನೆ ಅವರು ಬಾವಿಯ ಬಾಯಿಗೆ ಮುಚ್ಚಳ ಹಾಕುತ್ತಾರೆ. ನೀವೂ ಪಂಪು ಎತ್ತುವಾಗ ಪೈಪಿನ ಸುತ್ತ ಒಂದು ಗೋಣಿತಾಟು ಸುತ್ತಿ, ಅಥವಾ ನಡುವೆ ಅರ್ಧಚಂದ್ರ ಕೊರೆದ ಎರಡು ಹಲಗೆಗಳನ್ನು ಕೂಡಿಸಿ ಇಡಿ. ಸ್ಪ್ಯಾನರಿಗೆ ದಾರ ಕಟ್ಟಿ ಮಣಿಕಟ್ಟಿಗೆ ಬಿಗಿದುಕೊಳ್ಳಿ. ಪಂಪು ದುರಸ್ತಿಗೆ ಹೋಗಿ ಬರುವ ಎರಡು ದಿನವೂ ಬಾಯಿ ತೆರೆದಿರಬಾರದು. ಕೈಬಿಟ್ಟ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಿಸಬೇಕು. ಇವೆರಡನ್ನೂ 2010ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ವಿಧಿಸಿತು. ಕೊಳವೆ ಬಾವಿಗೆ ಬೀಳುವುದು ಕಬ್ಬಿಣವೊಂದೇ ಅಲ್ಲ, ಮಕ್ಕಳೂ ಬಿದ್ದಿದ್ದಾರೆ.

ನಮ್ಮ ತೋಟದ ಆ ಬಾವಿಯನ್ನು ಅಪ್ಪ, ನಾನು ಸೇರಿ ತುಂಬಿಸಿದೆವು. ನಾಲ್ಕು ಗಾಡಿ ಕಲ್ಲುಮಣ್ಣು ಹಿಡಿಸಿತು. ಸ್ಪ್ಯಾನರಿನ ಮಾತನ್ನು ಅವರಿಗೆ ಹೇಳಿದ್ದು ಆ ದಿನ, ಕೊನೆಯ ಬುಟ್ಟಿ ಸುರಿದ ಮೇಲೆ.