ಹಡಗಿನ ಹೊಗೆ ಮೂಸುವ ಡ್ರೋನ್

ಜಿಬ್ರಾಲ್ಟರ್ ಜಲಸಂಧಿಯ ಅತಿ ಕಿರಿದಾದ ಜಾಗದಲ್ಲಿ ಯುರೋಪಿಗೂ ಆಫ್ರಿಕಕ್ಕೂ ನಡುವೆ ಇರುವುದು ಸುಮಾರು 14 ಕಿಲೋಮೀಟರ್ ನೀರು. ಮೆಡಿಟರೇನಿಯನ್ನಿನಿಂದ ಅಟ್ಲಾಂಟಿಕ್‌ಗೆ ಹೊರಟ ಹಡಗುಗಳೆಲ್ಲ ಇಲ್ಲೇ ಹಾಯಬೇಕು. 2021ರಲ್ಲಿ ಸ್ಪೇನ್ ಸರ್ಕಾರ ಮತ್ತು ಯುರೋಪಿನ ಸಾಗರ ಸುರಕ್ಷತಾ ಸಂಸ್ಥೆ ಸೇರಿ ಈ ನೀರಿನ ಮೇಲೆ ಡ್ರೋನ್ ಹಾರಿಸಿದವು. ಕೆಲವೇ ತಿಂಗಳಲ್ಲಿ 294 ಹಡಗುಗಳ ಹೊಗೆ ಪರೀಕ್ಷೆಯಾಯಿತು. ಅವುಗಳಲ್ಲಿ 27 ಹಡಗುಗಳು ಗಂಧಕದ ಮಿತಿ ಮೀರಿರಬಹುದೆಂಬ ಅನುಮಾನ ಬಂತು. ಅಳತೆಗಾಗಿ ಯಾವ ಹಡಗನ್ನೂ ತಡೆಯಬೇಕಾಗಲಿಲ್ಲ.

ದೊಡ್ಡ ಹಡಗುಗಳು ಬಹುಕಾಲ ಉರಿಸುತ್ತ ಬಂದದ್ದು ಕಚ್ಚಾ ತೈಲದಿಂದ ಪೆಟ್ರೋಲ್, ಡೀಸೆಲ್ ತೆಗೆದ ಮೇಲೆ ತಳದಲ್ಲಿ ಉಳಿಯುವ ಮಂದ ಎಣ್ಣೆಯನ್ನು. ಬಿಸಿ ಮಾಡದೆ ಅದನ್ನು ಪಂಪಿನಲ್ಲಿ ಹರಿಸುವುದೂ ಕಷ್ಟ. ಅದರಲ್ಲಿರುವ ಗಂಧಕ ಉರಿದು ಸಲ್ಫರ್ ಡೈಆಕ್ಸೈಡ್ ಆಗುತ್ತದೆ, ಗಾಳಿಯಲ್ಲಿ ಸೂಕ್ಷ್ಮ ಸಲ್ಫೇಟ್ ಕಣಗಳಾಗಿ ಬಂದರು ಊರುಗಳ ಜನರ ಶ್ವಾಸಕೋಶ ಸೇರುತ್ತದೆ. 2020ರ ಜನವರಿ 1ರಿಂದ ಜಗತ್ತಿನೆಲ್ಲೆಡೆ ಹಡಗಿನ ಇಂಧನದಲ್ಲಿ ಗಂಧಕ ಶೇ 0.50 ಮೀರುವಂತಿಲ್ಲ. ಅದಕ್ಕೆ ಮುಂಚೆ ಶೇ 3.50ರವರೆಗೆ ಅವಕಾಶವಿತ್ತು. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಹಡಗಿಗೂ ಇದೇ ನಿಯಮ. ಬಾಲ್ಟಿಕ್ ಮತ್ತು ಉತ್ತರ ಸಮುದ್ರಗಳಲ್ಲಿ 2015ರಿಂದಲೇ ಶೇ 0.10. ಹೊಗೆ ತೊಳೆಯುವ ಯಂತ್ರ ಕೂರಿಸಿಕೊಂಡವರು ಹಳೆಯ ಎಣ್ಣೆ ಬಳಸಬಹುದು, ಆದರೆ ಹೊರಬರುವ ಹೊಗೆ ಅಷ್ಟೇ ಶುದ್ಧವಾಗಿರಬೇಕು.

ಶುದ್ಧ ಇಂಧನ ದುಬಾರಿ. ನಡುಗಡಲಲ್ಲಿ ಕೇಳುವವರೂ ಇಲ್ಲ.

ಡ್ರೋನ್ ಚಿಮಣಿಯೊಳಗೆ ಇಳಿಯುವುದಿಲ್ಲ. ಗಾಳಿಯ ದಿಕ್ಕು ನೋಡಿಕೊಂಡು, ಹೊಗೆ ಸಾಗುವ ದಾರಿಯನ್ನು ಅಡ್ಡ ಹಾಯುತ್ತದೆ. ಅಲ್ಲಿ ಹೊಗೆ ಎಷ್ಟು ತೆಳುವಾಗಿದೆಯೆಂದು ಗೊತ್ತಿರುವುದಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಈ ವಿಧಾನದ ಜಾಣತನವೇ ಅದು. ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡ್, ಎಷ್ಟು ಇಂಧನ ಉರಿಯಿತು ಎಂಬುದರ ಲೆಕ್ಕ ಹೇಳುತ್ತದೆ. ಸಲ್ಫರ್ ಡೈಆಕ್ಸೈಡ್ ಅದರಲ್ಲಿದ್ದ ಗಂಧಕದ ಲೆಕ್ಕ ಹೇಳುತ್ತದೆ. ಪಾನಕಕ್ಕೆ ಎಷ್ಟು ನೀರು ಬೆರೆಸಿದರೂ ಬೆಲ್ಲ, ಏಲಕ್ಕಿಯ ಅನುಪಾತ ಕೆಡದ ಹಾಗೆ ಇವೆರಡರ ಅನುಪಾತವೂ ಕೆಡುವುದಿಲ್ಲ. ಸುತ್ತಲಿನ ಗಾಳಿಗಿಂತ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 100 ಭಾಗ ಏರಿದೆ ಎನ್ನಿ. ಸಲ್ಫರ್ ಡೈಆಕ್ಸೈಡ್ ನೂರು ಕೋಟಿಗೆ 43 ಭಾಗದಷ್ಟು ಏರಿದ್ದರೆ ಇಂಧನದ ಗಂಧಕ ಶೇ 0.10, ಏರಿಕೆ 215 ಭಾಗವಾದರೆ ಶೇ 0.50. ಡ್ರೋನಿನ ರೆಕ್ಕೆಗಳು ಹೊಗೆಯನ್ನು ಕಲಕಿದರೂ ಲೆಕ್ಕ ತಪ್ಪದು.

ತೊಡಕು ಸೆನ್ಸರಿನದು. ಅವಕೆಂಪು ಬೆಳಕಿನಿಂದ ಕಾರ್ಬನ್ ಡೈಆಕ್ಸೈಡ್ ಅಳೆಯುವ ಸೆನ್ಸರ್ ಚುರುಕು. ರಾಸಾಯನಿಕ ಕ್ರಿಯೆಯಿಂದ ಗಂಧಕದ ಅನಿಲ ಗುರುತಿಸುವುದು ನಿಧಾನ. ಹಾಗಾಗಿ ಒಂದು ಕ್ಷಣದ ಅಂಕಿಯನ್ನು ನಂಬದೆ, ಡ್ರೋನ್ ಹೊಗೆಯನ್ನು ಹೊಕ್ಕು ಹೊರಬರುವವರೆಗಿನ ಏರಿಕೆಯನ್ನೆಲ್ಲ ಕೂಡಿಸಿ ಹೋಲಿಸುತ್ತಾರೆ. ಎಂಜಿನ್ ಹೊಗೆಯ ನೈಟ್ರಿಕ್ ಆಕ್ಸೈಡ್ ಕೂಡ ಗಂಧಕದ ಸೆನ್ಸರನ್ನು ಕೆಣಕುತ್ತದೆ, ಅದನ್ನು ಕಳೆಯಬೇಕು. ಇಷ್ಟಾದರೂ ಡ್ರೋನಿನ ಅಂಕಿ ಸುಳಿವು ಮಾತ್ರ. ಮುಂದಿನ ಬಂದರಿನ ಅಧಿಕಾರಿಗಳು ಹಡಗು ಹತ್ತಿ ಇಂಧನದ ಮಾದರಿ ತೆಗೆಯುತ್ತಾರೆ. ಕುರುಡಾಗಿ ಹಡಗು ಆರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಕಾರ್ಖಾನೆಗಳಿಗೂ ಇಂಥ ಹೊರಗಣ್ಣು ಬೇಕು. ಭಾರತದಲ್ಲಿ ಅತಿ ಮಾಲಿನ್ಯಕಾರಿ ಎನಿಸಿದ 17 ಬಗೆಯ ಉದ್ಯಮಗಳು ನಿರಂತರ ಅಳತೆಯ ಉಪಕರಣ ಅಳವಡಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಆದೇಶಿಸಿತು. ಆದರೆ ಚಿಮಣಿಯಲ್ಲಿ ಕೂತ ಉಪಕರಣಕ್ಕೆ ಸಡಿಲ ಕವಾಟದ ಸೋರಿಕೆ, ಕಲ್ಲಿದ್ದಲು ರಾಶಿಯ ದೂಳು ಕಾಣದು. ಅಲ್ಲಿ ಡ್ರೋನ್ ಕಾರ್ಖಾನೆಯಿಂದ ಗಾಳಿ ಹೊರಟುಹೋಗುವ ಬದಿಯಲ್ಲಿ ಬೇರೆ ಬೇರೆ ಎತ್ತರದಲ್ಲಿ ಅತ್ತಿತ್ತ ಹಾರಿ, ಪರದೆ ಎಳೆದಂತೆ ಅಳೆಯುತ್ತದೆ. ಆ ಅಳತೆಯನ್ನು ಗಾಳಿಯ ವೇಗದೊಂದಿಗೆ ಸೇರಿಸಿ ಲೆಕ್ಕ ಹಾಕಿದರೆ ಗಂಟೆಗೆ ಎಷ್ಟು ಕಿಲೋ ಹೊರಬೀಳುತ್ತಿದೆ ಎಂಬ ಅಂದಾಜು ಸಿಗುತ್ತದೆ. ಬ್ಯಾಟರಿ ಮುಗಿಯುವುದರೊಳಗೆ ಗಾಳಿ ದಿಕ್ಕು ಬದಲಿಸಿದರೆ ಮಾತ್ರ ಅಳತೆಯನ್ನು ಮೊದಲಿನಿಂದ ಶುರುಮಾಡಬೇಕು.